ನೋಡಿ ಹೋದವರು ಕೊಂಡು ಹೋಗಬೇಕಾದರೆ: ಸಂಘದ ಜಾಲತಾಣ ಮತ್ತು ಮಾರಾಟ

(ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗಾಗಿ ಏರ್ಪಡಿಸಿದ್ದ ಮಾರುಕಟ್ಟೆ ತರಬೇತಿಯಲ್ಲಿ ನೀಡಿದ ಉಪನ್ಯಾಸ)



ಬೆಳಿಗ್ಗೆಯಿಂದ ನೀವು ಪ್ಯಾಕಿಂಗ್ ಬಗ್ಗೆ, ಲೇಬಲ್ ಬಗ್ಗೆ ಕೇಳಿದ್ದೀರಿ. ನಮ್ಮ ಪಾಲಿಗೆ ಬಂದಿರುವ ವಿಷಯ ಜಾಲತಾಣ, ಅಂದರೆ ವೆಬ್‌ಸೈಟ್. ಅದನ್ನು ಮಾಡಿಸುವುದು ಹೇಗೆ ಅಂತ ನಾವು ಹೇಳುವುದಿಲ್ಲ, ಅದನ್ನು ಈಗ ಕಾಲೇಜು ಹುಡುಗರೂ ಮಾಡಿಕೊಡ್ತಾರೆ. ಮಾಡಿಸಿದ ಮೇಲೆ ಅಲ್ಲಿಗೆ ಬಂದ ಜನ ಯಾಕೆ ಏನೂ ಕೊಳ್ಳದೆ ಹೋಗ್ತಾರೆ, ಅಷ್ಟು ಮಾತ್ರ ಮಾತಾಡೋಣ. ಇದನ್ನು ನಾವು ಓದಿ ಕಲಿತದ್ದಕ್ಕಿಂತ ಕೈ ಸುಟ್ಟುಕೊಂಡು ಕಲಿತದ್ದೇ ಹೆಚ್ಚು.

2020ರ ಲಾಕ್‌ಡೌನ್ ನಿಮಗೆಲ್ಲ ನೆನಪಿದೆ. ಹಬ್ಬದ ಸ್ಟಾಲ್ ಇಲ್ಲ, ಜಾತ್ರೆ ಇಲ್ಲ, ಸಂತೆ ಇಲ್ಲ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿರಪ್ ಎಲ್ಲ ಡಬ್ಬಿಯಲ್ಲೇ ಉಳಿಯಿತು. ಮರುವರ್ಷ 11 ಸಂಘಗಳ ಉಳಿತಾಯದಿಂದ 35 ಸಾವಿರ ಒಟ್ಟುಮಾಡಿ ಒಂದು ಜಾಲತಾಣ ಮಾಡಿಸಿದೆವು. ಉಳಿತಾಯದ ದುಡ್ಡು ಅಂದರೆ ಏನು ಅಂತ ಇಲ್ಲಿರುವ ಯಾರಿಗೂ ವಿವರಿಸಬೇಕಿಲ್ಲ. ವಾರಕ್ಕೆ 20 ರೂಪಾಯಿ, ಮಳೆಗಾಲದಲ್ಲಿ ಕೂಲಿ ಇಲ್ಲದಾಗಲೂ ಕಟ್ಟಿದ್ದು. ಉದ್ಘಾಟನೆ ಜೋರಾಗಿಯೇ ಆಯಿತು. ಮೊದಲ ಮೂರು ತಿಂಗಳಲ್ಲಿ ಸಾವಿರಕ್ಕೂ ಮಿಕ್ಕಿ ಜನ ಪುಟ ತೆರೆದು ನೋಡಿದರು. ನಾವು ವರದಿಯಲ್ಲಿ ಹೆಮ್ಮೆಯಿಂದ ಬರೆದೆವು. ಬಂದ ಆರ್ಡರ್ ಎಷ್ಟು ಗೊತ್ತೇ? ಏಳು. ಅದರಲ್ಲಿ ಎರಡು ನಮ್ಮ ಮಠದ ಸಿಸ್ಟರುಗಳದ್ದೇ.

ಮಾಸಿಕ ಸಭೆಯಲ್ಲಿ ಹಪ್ಪಳ ಮಾಡುವ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ಸಿಸ್ಟರ್, ಅಷ್ಟು ಜನ ಬಂದು ಹೋದದ್ದಾದರೆ ನಮ್ಮ ಹಪ್ಪಳ ಯಾಕೆ ಇನ್ನೂ ಇಲ್ಲೇ ಇದೆ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಇಪ್ಪತ್ತೈದು ವರ್ಷದ ಸೇವೆ ಎಲ್ಲ ಇದ್ದೂ ಆ ದಿನ ಸುಮ್ಮನೆ ಕೂತೆವು.

ಆಮೇಲೆ ಮಾಡಿದ ಒಂದೇ ಬುದ್ಧಿವಂತಿಕೆ ಎಂದರೆ, ಜಾಲತಾಣವನ್ನು ಹಿಂದೆ ನೋಡಿರದ ಐದು ಮಂದಿಯನ್ನು ಒಬ್ಬೊಬ್ಬರಾಗಿ ಕೂರಿಸಿದ್ದು. ಹಾಸ್ಟೆಲಿನ ಇಬ್ಬರು ಹುಡುಗಿಯರು, ಒಬ್ಬ ಟೀಚರ್, ಮುಂಬಯಿಂದ ರಜೆಗೆ ಬಂದಿದ್ದ ದಂಪತಿ. ಅವರವರ ಮೊಬೈಲನ್ನೇ ಅವರ ಕೈಗೆ ಕೊಟ್ಟು, "ಎರಡು ಪ್ಯಾಕೆಟ್ ಹಪ್ಪಳ ಕೊಳ್ಳಿ, ಮನಸ್ಸಿಗೆ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ" ಅಂದೆವು. ನಾವು ಸಹಾಯ ಮಾಡಬಾರದು, ಅದೇ ಕರಾರು. ಸುಮ್ಮನಿರುವುದು ಎಷ್ಟು ಕಷ್ಟ ಅಂತೀರಿ! ಐದೇ ಜನ ಸಾಕೇ ಅಂತ ನೀವು ಕೇಳಬಹುದು. ಜಾಲತಾಣಗಳ ಬಳಕೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಎಂಬವರು 2000ದಲ್ಲೇ ಬರೆದಿದ್ದಾರೆ: ಐದು ಜನರನ್ನು ಕೂರಿಸಿ ನೋಡಿದರೆ ಹೆಚ್ಚಿನ ತೊಂದರೆಗಳು ಕಣ್ಣಿಗೆ ಬೀಳುತ್ತವೆ. ನಮಗಂತೂ ಮೂವರಲ್ಲೇ ಮುಖ ಕೆಂಪಾಯಿತು.

ಪುಟ ತೆರೆಯಲಿಕ್ಕೇ ಹೊತ್ತು ಹಿಡಿಯಿತು. ತೆರೆದರೆ ಮೊದಲು ಕಂಡದ್ದು ದೀಪ ಬೆಳಗಿಸುವ ಫೋಟೋ. ಆಮೇಲೆ ಅತಿಥಿಗಳ ಫೋಟೋ, ಆಮೇಲೆ ನಮ್ಮದೇ ಫೋಟೋ. ಹಪ್ಪಳ ಎಲ್ಲಿದೆ? ಮೂರು ಸಲ ಬೆರಳಾಡಿಸಿ ಕೆಳಗೆ ಹೋಗಬೇಕು. ಹಾಸ್ಟೆಲಿನ ಹುಡುಗಿ ಮೆಲ್ಲಗೆ ಕೇಳಿದಳು, "ಸಿಸ್ಟರ್, ಇದು ಅಂಗಡಿಯೋ ಆಲ್ಬಮೋ?" ಕ್ಯಾಮೆರಾದಿಂದ ಬಂದ ದೊಡ್ಡ ದೊಡ್ಡ ಫೋಟೋಗಳನ್ನು ಹಾಗೆಯೇ ಏರಿಸಿದ್ದರಿಂದ ಪುಟ ಅಷ್ಟು ಭಾರವಾಗಿತ್ತು. ಮೊಬೈಲಿನಲ್ಲಿ ಪುಟ ತೆರೆಯಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಅರ್ಧಕ್ಕಿಂತ ಹೆಚ್ಚು ಭೇಟಿಗಳು ಅಲ್ಲೇ ಮುಗಿದುಹೋಗುತ್ತವೆ ಅಂತ ಗೂಗಲ್ 2016ರಲ್ಲಿ ಹೇಳಿತ್ತು. ನಮ್ಮ ಹಳ್ಳಿಯ ನೆಟ್‌ವರ್ಕಿನಲ್ಲಿ ಮೂರು ಸೆಕೆಂಡಿಗೆ ದೀಪದ ಬತ್ತಿಯೂ ಕಾಣುತ್ತಿರಲಿಲ್ಲ. ಫೋಟೋಗಳನ್ನು ಕುಗ್ಗಿಸಿ ಹಾಕಿದೆವು, ದೀಪವನ್ನು ಒಳಪುಟಕ್ಕೆ ಕಳಿಸಿದೆವು. ಈಗ ಮೊದಲ ತೆರೆಯಲ್ಲಿ ಹಪ್ಪಳ, ಅದರ ತೂಕ, ಬೆಲೆ, ಪಕ್ಕದಲ್ಲಿ ಕೊಳ್ಳುವ ಗುಂಡಿ.

ಬೆಲೆ ಅಂದೆವಲ್ಲ, ಅದು ಮೊದಲು ಇರಲೇ ಇಲ್ಲ. "ಬೆಲೆಗಾಗಿ ಸಂಪರ್ಕಿಸಿ" ಅಂತ ಬರೆದಿದ್ದೆವು. ಸಂಪರ್ಕಿಸಲು ಕೊಟ್ಟದ್ದು ಕಚೇರಿಯ ದೂರವಾಣಿ. ಐದು ಗಂಟೆಯ ಮೇಲೆ ಅದನ್ನು ಎತ್ತುತ್ತಿದ್ದವರು ವಾಚ್‌ಮನ್. ಪಾಪ, ಅವರಿಗೆ ಹಪ್ಪಳದ ಬೆಲೆ ಹೇಗೆ ಗೊತ್ತಿರಬೇಕು? ನೀವೇ ಯೋಚಿಸಿ. ಸ್ಟಾಲಿನಲ್ಲಿ ಗಿರಾಕಿ ಬಂದು "ಎಷ್ಟು?" ಅಂದಾಗ ನೀವು "ಒಂದು ಅರ್ಜಿ ಕೊಡಿ, ಆಮೇಲೆ ತಿಳಿಸ್ತೇವೆ" ಅಂತೀರಾ? ಸ್ಟಾಲಿನಲ್ಲಿ ಕೂತವರಿಗೆ ಬಾಯಿ ಇರ್ತದೆ. ಎಷ್ಟು, ಯಾವಾಗ ಮಾಡಿದ್ದು, ಎಣ್ಣೆ ಯಾವುದು, ಎಷ್ಟು ದಿನ ಇಡಬಹುದು, ಹಾಳಾಗಿದ್ದರೆ ವಾಪಸ್ ತಗೊಳ್ತೀರಾ ಅಂತ ಕೇಳಿದ್ದಕ್ಕೆಲ್ಲ ಆಗಲೇ ಉತ್ತರ ಸಿಗ್ತದೆ. ಜಾಲತಾಣಕ್ಕೆ ಬಾಯಿಲ್ಲ. ಗಿರಾಕಿ ಕೇಳಬಹುದಾದ್ದನ್ನೆಲ್ಲ ಮುಂಚೆಯೇ ಅಲ್ಲಿ ಬರೆದಿಡಬೇಕು. ಕಳೆದ ಹಬ್ಬದ ಸ್ಟಾಲಿನಲ್ಲಿ ಜನ ನಿಮ್ಮನ್ನು ಕೇಳಿದ ಪ್ರಶ್ನೆಗಳನ್ನು ನೆನಪು ಮಾಡಿಕೊಳ್ಳಿ, ಅದೇ ನಿಮ್ಮ ಜಾಲತಾಣದ ವಿಷಯಸೂಚಿ. ನಮಗೆ ಬರೆದುಕೊಟ್ಟ ಹುಡುಗ "ವಿಶ್ವದರ್ಜೆಯ ಪಾರಂಪರಿಕ ಸವಿ" ಅಂತೆಲ್ಲ ಬರೆದಿದ್ದ. ಯಾರೂ ಹಾಗೆ ಕೇಳಿಕೊಂಡು ಬರುವುದಿಲ್ಲ. "ಹಲಸಿನ ಹಪ್ಪಳ" ಅಂತ ಕನ್ನಡದಲ್ಲಿ ಹುಡುಕುವವರಿದ್ದಾರೆ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರಿದ್ದಾರೆ, "ಜ್ಯಾಕ್‌ಫ್ರೂಟ್ ಪಾಪಡ್" ಅಂತ ಹುಡುಕುವವರೂ ಇದ್ದಾರೆ. ಮೂರು ಹೆಸರೂ ಪುಟದಲ್ಲಿರಲಿ.

ಇನ್ನು ಎಲ್ಲಕ್ಕಿಂತ ದೊಡ್ಡ ತಪ್ಪಿಗೆ ಬರೋಣ. ಮುಂಬಯಿಯ ಆ ದಂಪತಿ ಬೆಲೆ ವಿಚಾರಿಸಿಕೊಂಡು, ಬುಟ್ಟಿಗೆ ಹಾಕಿ, ವಿಳಾಸ ತುಂಬಿ, ಕಡೆಯ ಪುಟಕ್ಕೆ ಬಂದರು. ಅಲ್ಲಿ ಕೊರಿಯರ್ ವೆಚ್ಚ ಕಾಣಿಸಿತು. ಪ್ಯಾಕೆಟ್ ಒಂದಕ್ಕೆ 90ರಂತೆ ಎರಡು ಪ್ಯಾಕೆಟಿಗೆ 180 ರೂಪಾಯಿ, ಕಳಿಸಲಿಕ್ಕೆ ಇನ್ನೂ 90. ಯಜಮಾನರು ಮೊಬೈಲ್ ಕೆಳಗಿಟ್ಟು, "ಇದು ಮೊದಲೇ ಹೇಳಬೇಕಿತ್ತು" ಅಂದರು. ಸಿಟ್ಟಿನಿಂದಲ್ಲ, ಬೇಸರದಿಂದ. ಡೆನ್ಮಾರ್ಕಿನ ಬೇಮಾರ್ಡ್ ಎಂಬ ಸಂಸ್ಥೆ ಅನೇಕ ಅಧ್ಯಯನಗಳನ್ನು ಒಟ್ಟುಮಾಡಿ ಹೇಳುವ ಪ್ರಕಾರ, ಆನ್‌ಲೈನಿನಲ್ಲಿ ತುಂಬಿದ ನೂರು ಬುಟ್ಟಿಗಳಲ್ಲಿ ಸುಮಾರು 70 ಹಣ ಕಟ್ಟದೆ ಅಲ್ಲೇ ಉಳಿಯುತ್ತವೆ. ಸುಮ್ಮನೆ ನೋಡಲು ಬಂದವರನ್ನು ಬಿಟ್ಟರೆ, ಜನ ಹೇಳುವ ಮೊದಲ ಕಾರಣ ಕಡೆಯಲ್ಲಿ ಸೇರಿಕೊಳ್ಳುವ ಸಾಗಣೆ, ತೆರಿಗೆ ಮುಂತಾದ ಖರ್ಚು.

ನಾವು ಲೆಕ್ಕ ಹಾಕಿ ಕೂತೆವು. ಕೊರಿಯರಿನವರು ತೂಕದ ಮೇಲೆ ಹಣ ತಗೊಳ್ತಾರೆ. 200 ಗ್ರಾಮಿನ ಒಂದು ಪ್ಯಾಕೆಟ್ ಕಳಿಸಿದರೂ, ನಾಲ್ಕು ಕಳಿಸಿದರೂ ನಮಗೆ ಆಗುತ್ತಿದ್ದ ಖರ್ಚಿನಲ್ಲಿ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಾಗಾದರೆ ಬಿಡಿ ಪ್ಯಾಕೆಟ್ ಯಾಕೆ ಮಾರಬೇಕು? ನಾಲ್ಕರ ಕಟ್ಟು ಮಾಡಿದೆವು. ರಟ್ಟಿನ ಪೆಟ್ಟಿಗೆ ಸೇರಿ ಒಂದು ಕಿಲೋದೊಳಗೆ. ಹಪ್ಪಳಕ್ಕೆ 360, ಸಾಗಣೆಗೆ 90, ಒಟ್ಟು 450 ಅಂತ ಮೊದಲ ಪುಟದಲ್ಲೇ ಬಿಡಿಸಿ ಬರೆದೆವು. "ಸಾಗಣೆ ಉಚಿತ" ಅಂತ ಹಾಕಿ 450 ಬರೆಯಿರಿ, ಜನ ಓಡಿ ಬರ್ತಾರೆ ಅಂತ ಒಬ್ಬರು ಸಲಹೆ ಕೊಟ್ಟರು. ಉಚಿತ ಅಲ್ಲದ್ದನ್ನು ಉಚಿತ ಅನ್ನಲು ನಮಗೆ ನಾಲಿಗೆ ಬರಲಿಲ್ಲ. ಹಾಗೆ ಬರೆಯದೆಯೂ ಆರ್ಡರ್ ಏರಿತು.

ಹಾಗೆಯೇ, "ಎರಡೇ ಪ್ಯಾಕೆಟ್ ಉಳಿದಿದೆ, ಬೇಗ ಮಾಡಿ" ಅಂತ ಮಿನುಗುವ ಪಟ್ಟಿಯನ್ನು ಹುಡುಗ ಹಾಕಿಕೊಟ್ಟಿದ್ದ. ಗೋದಾಮಿನಲ್ಲಿ ಮುನ್ನೂರು ಪ್ಯಾಕೆಟ್ ಇತ್ತು! ಇಂಥ ಸುಳ್ಳು ಅವಸರ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೆಲೆಯನ್ನು ಸ್ವಲ್ಪಸ್ವಲ್ಪವಾಗಿ ಹೊರಬಿಡುವುದು ಸೇರಿದಂತೆ 13 ಬಗೆಯ ಮೋಸದ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿ ನಿಷೇಧಿಸಿದೆ. ಕಾನೂನು ಬರುವ ಮೊದಲೇ ಆ ಪಟ್ಟಿಯನ್ನು ತೆಗೆಸಿದ್ದೆವು ಅನ್ನುವುದು ನಮ್ಮ ಸಮಾಧಾನ.

ಈಗ ಸ್ವಲ್ಪ ಕಹಿ ಮಾತು. "ಬಡ ಮಹಿಳೆಯರಿಗೆ ನೆರವಾಗಿ" ಅಂತ ನಮ್ಮ ಪುಟದ ನೆತ್ತಿಯ ಮೇಲೆ ಬರೆದಿದ್ದೆವು, ಜೊತೆಗೆ ಸೋರುವ ಮನೆಯ ಫೋಟೋ. ಇದು ನಮ್ಮಂಥ ಸಂಸ್ಥೆಗಳ ಹಳೆಯ ಚಾಳಿ. ಕರುಣೆಯಿಂದ ಕೊಂಡವರು ಒಮ್ಮೆ ಕೊಳ್ತಾರೆ, ಪುಣ್ಯ ಬಂತು ಅಂತ ಮುಗಿಸ್ತಾರೆ. ರುಚಿಗಾಗಿ ಕೊಂಡವರು ತಿಂಗಳು ತಿಂಗಳು ಬರ್ತಾರೆ. ಅದಕ್ಕಿಂತ ಮುಖ್ಯ, ಆ ಮನೆಯ ಹುಡುಗಿ ತನ್ನ ಕಾಲೇಜಿನ ಗೆಳತಿಯರು ಆ ಫೋಟೋ ನೋಡಿದರು ಅಂತ ಬಂದು ಅತ್ತಳು. ನಾವು ಅವಳ ಹತ್ತಿರ, ಅವಳ ತಾಯಿಯ ಹತ್ತಿರ ಕ್ಷಮೆ ಕೇಳಿದೆವು. ಈಗ ಅಲ್ಲಿ ತಾಯಿಯ ಫೋಟೋ ಇದೆ, ಅವರ ಒಪ್ಪಿಗೆಯಿಂದ, ಹಿಟ್ಟು ತಟ್ಟುತ್ತಾ ನಗುತ್ತಿರುವುದು. ಕೆಳಗೆ ಬರೆದಿರುವುದು ಹಲಸಿನಕಾಯಿ ಎಲ್ಲಿಯದು, ಎಷ್ಟು ದಿನ ಬಿಸಿಲಿಗಿಡ್ತೇವೆ, ಅಷ್ಟೇ.

ಅಪರಿಚಿತರು ನಮಗೆ ಯಾಕೆ ಮುಂಗಡ ಹಣ ಕೊಡಬೇಕು? ನಂಬಿಕೆ ಬೇಕು. ಪೂರ್ತಿ ವಿಳಾಸ, ಎತ್ತುವ ಫೋನು, 14 ಅಂಕಿಯ ಆಹಾರ ಸುರಕ್ಷತಾ ನೋಂದಣಿ ಸಂಖ್ಯೆ ಪುಟದಲ್ಲಿರಬೇಕು. ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಇವುಗಳನ್ನು ಜಾಲತಾಣದಲ್ಲೂ ತೋರಿಸಬೇಕೆಂಬ ನಿಯಮ 2018ರ ಜನವರಿಯಿಂದಲೇ ಇದೆ. ಮುಂಬಯಿಗೋ ಕೇರಳಕ್ಕೋ ಉಪ್ಪಿನಕಾಯಿ ಕಳಿಸುವುದಾದರೆ ವಹಿವಾಟು ಚಿಕ್ಕದಾದರೂ ಜಿಎಸ್‌ಟಿ ನೋಂದಣಿ ಬೇಕು, ಲೆಕ್ಕಪರಿಶೋಧಕರನ್ನು ಕೇಳಿ ಮುಂದುವರಿಯಿರಿ. ಮತ್ತೆ, ಒಡೆದುಹೋದರೆ ಏನು ಮಾಡ್ತೀರಿ ಅಂತ ಬರೆದಿಡಿ. ಒಮ್ಮೆ ಸಿರಪ್ ಬಾಟಲಿ ದಾರಿಯಲ್ಲಿ ಒಡೆಯಿತು. ತಪ್ಪು ಕೊರಿಯರಿನದ್ದೋ ನಮ್ಮದೋ ಅಂತ ಮೂರು ದಿನ ವಾದ ಮಾಡಿದೆವು. ಗಿರಾಕಿ ಮತ್ತೆ ಬರಲಿಲ್ಲ. ಇನ್ನೊಮ್ಮೆ ಹಾಗೆಯೇ ಆದಾಗ ಮಾತಿಲ್ಲದೆ ಬೇರೆ ಬಾಟಲಿ ಕಳಿಸಿದೆವು. ಆ ಮನೆಯವರೇ ಮಗಳ ರೋಸಿಗೆ 60 ಬಾಟಲಿ ತರಿಸಿಕೊಂಡರು. ಈಗ ಪ್ಲಾಸ್ಟಿಕ್ ಬಾಟಲಿ ಬಳಸ್ತೇವೆ. ಮನಸ್ಸಿಗೆ ಒಪ್ಪುವುದಿಲ್ಲ, ಆದರೆ ಗಾಜು ತಡೆಯುವುದಿಲ್ಲ.

ಹಣ ಕಟ್ಟುವ ದಾರಿ ಸಲೀಸಾಗಿರಲಿ. ನಮ್ಮ ಹಳೆಯ ಪುಟ ಖಾತೆ ತೆರೆಯಿರಿ, ಪಾಸ್‌ವರ್ಡ್ ಕೊಡಿ, ಜನ್ಮದಿನಾಂಕ ಕೊಡಿ ಅಂತಿತ್ತು. ಹಪ್ಪಳಕ್ಕೆ ಜನ್ಮದಿನಾಂಕ ಯಾಕಮ್ಮ? ಹೆಸರು, ವಿಳಾಸ, ಪಿನ್‌ಕೋಡ್, ಫೋನ್, ಇಷ್ಟೇ ಉಳಿಸಿದೆವು. ಯುಪಿಐ ಗುಂಡಿ ಒತ್ತಿದರೆ ಮೊಬೈಲಿನಲ್ಲಿರುವ ಆ್ಯಪ್ ತಾನೇ ತೆರೆಯುವಂತೆ ಮಾಡಿಸಿದೆವು. ತಲುಪಿದ ಮೇಲೆ ಹಣ ಕೊಡುವ ಕ್ರಮವನ್ನು ಸ್ವಲ್ಪ ಕಾಲ ಇಟ್ಟು ನೋಡಿದೆವು. ಬೇಡ ಅಂದವರ ಪಾರ್ಸೆಲ್ ವಾಪಸ್ ಬಂದು ಹೋಗುವ ಬರುವ ಎರಡೂ ಬಾಡಿಗೆ ನಮ್ಮ ತಲೆಗೆ ಬಿತ್ತು, ಹಪ್ಪಳವೂ ಪುಡಿ. ನಿಲ್ಲಿಸಿದೆವು.

ಇಲ್ಲೊಂದು ಎಚ್ಚರಿಕೆ, ದಯವಿಟ್ಟು ಮನೆಗೆ ಹೋಗಿ ಎಲ್ಲರಿಗೂ ಹೇಳಿ. ನಮ್ಮ ಒಬ್ಬ ಸದಸ್ಯೆಗೆ ಫೋನ್ ಬಂತು. "ನಿಮ್ಮ ಜಾಲತಾಣ ನೋಡಿದೆ, 50 ಕಟ್ಟು ಬೇಕು, ಮುಂಗಡ ಕಳಿಸ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ." ಒತ್ತಿದರು. 4 ಸಾವಿರ ಹೋಯಿತು. ಅದು ಮಗನ ಶುಲ್ಕಕ್ಕೆ ಇಟ್ಟದ್ದು. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಕೇಳಿದರೆ ಹಣ ನಿಮ್ಮಿಂದ ಹೋಗ್ತಿದೆ ಅಂತಲೇ ಅರ್ಥ. ಮೋಸ ಆದರೆ ನಾಚಿಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಕರೆ ಮಾಡಿ. ಅವರು ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ, ಅಷ್ಟರಲ್ಲಿ ಹಣ ಕೈತಪ್ಪಿತ್ತು.

ಎಷ್ಟು ಜನ ಬಂದರು ಅಂತ ಲೆಕ್ಕ ಹಾಕಿ ಹಿಗ್ಗುವುದನ್ನು ಬಿಟ್ಟಿದ್ದೇವೆ. ನೂರು ಜನ ಬಂದರೆ ಹಪ್ಪಳದ ಪುಟ ತೆರೆದವರೆಷ್ಟು, ಬುಟ್ಟಿಗೆ ಹಾಕಿದವರೆಷ್ಟು, ಹಣ ಕಟ್ಟಿದವರೆಷ್ಟು, ಎಲ್ಲಿ ಹೆಚ್ಚು ಜನ ಜಾರಿದರು ಅಂತ ನೋಡ್ತೇವೆ. ಗೂಗಲ್ ಅನಲಿಟಿಕ್ಸ್ ಎಂಬ ಉಚಿತ ಸಾಧನ ಇದನ್ನು ತೋರಿಸ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಗುಣ ಬಂತು ಅಂತ ತಿಳಿಯುವುದಿಲ್ಲ. ನಮ್ಮಂಥವರಿಗೆ ಬರುವವರೇ ಕಡಿಮೆ, ಆದ್ದರಿಂದ ಒಂದು ವಾರದ ಏರಿಳಿತಕ್ಕೆ ಹಾರಾಡಬೇಡಿ, ಎರಡು ಮೂರು ತಿಂಗಳು ಕಾಯಿರಿ.

ಎಲ್ಲ ಸಂಘಕ್ಕೂ ಜಾಲತಾಣ ಬೇಕೇ? ಬೇಡ ಅಂತಲೇ ನಮ್ಮ ಅಭಿಪ್ರಾಯ. ಹೆಸರಿಗೆ, ಜಾಗಕ್ಕೆ ಪ್ರತಿವರ್ಷ ಬಾಡಿಗೆ ಕಟ್ಟಬೇಕು. ಹತ್ತಿಪ್ಪತ್ತು ಮನೆಗೆ ಮಾರುವ ಸಂಘಕ್ಕೆ ವಾಟ್ಸ್ಆ್ಯಪ್ ಬಿಸಿನೆಸ್ಸಿನ ಪಟ್ಟಿಯೇ ಸಾಕು, ಅದು ಉಚಿತ. ನಮ್ಮ ಜಾಲತಾಣದಲ್ಲೂ ವಾಟ್ಸ್ಆ್ಯಪ್ ಗುಂಡಿ ಇಟ್ಟಿದ್ದೇವೆ. ವಯಸ್ಸಾದವರು, ಗಲ್ಫಿನಲ್ಲಿದ್ದು ಊರಿನ ತಾಯಿಗೆ ಕಳಿಸುವ ಮಕ್ಕಳು ಅದರಲ್ಲೇ ಮಾತಾಡಿ ಕೊಳ್ತಾರೆ. ಆ ಫೋನು ಈಗ ವಾಚ್‌ಮನ್ ಹತ್ತಿರ ಇಲ್ಲ, ಪ್ರಶ್ನೆ ಕೇಳಿದ ಅದೇ ತಾಯಿಯ ಸೊಸೆಯ ಹತ್ತಿರ ಇದೆ. ರಾತ್ರಿ ಒಂಬತ್ತರವರೆಗೆ ಉತ್ತರಿಸುತ್ತಾಳೆ, ಒಕ್ಕೂಟ ಅವಳಿಗೆ ತಿಂಗಳ ಗೌರವಧನ ಕೊಡುತ್ತದೆ. ಕಳೆದ ಹಂಗಾಮಿನ ಹಪ್ಪಳ ಗಣೇಶ ಚೌತಿಗೆ ಮುಂಚೆಯೇ ಮುಗಿಯಿತು.

ಊಟದ ನಂತರ ಮೊಬೈಲ್ ಇರುವವರೆಲ್ಲ ಬೇರೆ ಸಂಘದವರ ಪಕ್ಕ ಕೂತುಕೊಳ್ಳಿ. ಅವರ ಜಾಲತಾಣವೋ ವಾಟ್ಸ್ಆ್ಯಪ್ ಪಟ್ಟಿಯೋ ತೆರೆದು ಏನಾದರೊಂದು ಕೊಳ್ಳಲು ನೋಡಿ. ಎಲ್ಲಿ ಎಡವಿದಿರಿ ಅಂತ ಕಾಗದದ ಮೇಲೆ ಬರೆಯಿರಿ. ಪಕ್ಕದಲ್ಲಿ ಕೂತ ಆ ಸಂಘದವರು ಮಾತ್ರ ಬಾಯಿ ಬಿಡಬಾರದು. ನಾಲ್ಕು ಗಂಟೆಗೆ ಕಾಗದಗಳನ್ನು ಓದೋಣ.