ಬಿಟ್ಟ ಊಟದ ಲೆಕ್ಕ

ಕ್ರೈಸ್ತರಿಗೆ ಇದು ತಪಸ್ಸುಕಾಲ. ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ಮುನ್ನಾದಿನದವರೆಗೆ, ಭಾನುವಾರಗಳನ್ನು ಬಿಟ್ಟರೆ, 40 ದಿನ. ಪ್ರಾರ್ಥನೆ, ಉಪವಾಸ, ದಾನ ಮೂರೂ ಈ ದಿನಗಳ ವ್ರತವೇ. ಆದರೂ ದಾನ ಮಾತ್ರ, ಏನಾದರೂ ಉಳಿದರೆ ಕೊಟ್ಟರಾಯಿತು ಎಂಬಂತೆ ಹಿಂದೆ ಬಿದ್ದುಬಿಡುತ್ತದೆ.

2ನೇ ಶತಮಾನದ ರೋಮ್‌ನಲ್ಲಿ ಹರ್ಮಸ್ ಎಂಬ ಕ್ರೈಸ್ತನಿದ್ದ. ತಾನು ಗುಲಾಮನಾಗಿ ಮಾರಾಟವಾಗಿದ್ದವನೆಂದು ಅವನೇ ಹೇಳಿಕೊಂಡಿದ್ದಾನೆ. ತಪಸ್ಸುಕಾಲದ ಏರ್ಪಾಡು ಇನ್ನೂ ರೂಪುಗೊಳ್ಳದ ಕಾಲ ಅದು. ಅವನ ‘ಕುರುಬ’ ಎಂಬ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ಹರ್ಮಸ್ ಬೆಟ್ಟದ ಮೇಲೆ ಉಪವಾಸ ಕೂತಿದ್ದಾನೆ. ಕುರುಬನ ವೇಷದ ದೇವದೂತ ಪಕ್ಕದಲ್ಲಿ ಬಂದು ಕೂತು, ಇಷ್ಟು ಬೆಳಿಗ್ಗೆಯೇ ಇಲ್ಲೇನು ಕೆಲಸ ಎಂದು ವಿಚಾರಿಸುತ್ತಾನೆ. ಉಪವಾಸ ಎಂದದ್ದಕ್ಕೆ, ಇದು ಉಪವಾಸವೇ ಅಲ್ಲ ಎಂದುಬಿಡುತ್ತಾನೆ. ಮೊದಲು ಮನಸ್ಸು, ಮಾತು ಹಸನಾಗಬೇಕು. ಆಮೇಲೆ ಆ ದಿನ ಬರೀ ರೊಟ್ಟಿ, ನೀರು. ಉಣ್ಣಬೇಕಾಗಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಲೆಕ್ಕ ಹಾಕಿ, ಅಷ್ಟನ್ನೂ ವಿಧವೆಗೋ ಅನಾಥರಿಗೋ ಇಲ್ಲದವರಿಗೋ ಕೊಡಬೇಕು.

ಈ ಲೆಕ್ಕದ ಖಚಿತತೆ ನನ್ನ ಮನಸ್ಸಿಗೆ ನಾಟಿದೆ. ಬಿಟ್ಟ ಊಟದ ಹಣ ನಮ್ಮಲ್ಲೇ ಉಳಿದರೆ ಅದು ಬರೀ ಉಳಿತಾಯ. ನಮ್ಮ ಕರಾವಳಿಯ ಮನೆಗಳಲ್ಲಿ ತಪಸ್ಸುಕಾಲದ ಶುಕ್ರವಾರ ಮಾಂಸ ಬಿಟ್ಟು, ದುಬಾರಿ ಅಂಜಲ್ ಮೀನು ತರುವುದುಂಟು. ನಿಯಮಕ್ಕೆ ಭಂಗವಿಲ್ಲ, ನಿಜ. ಹಸಿದವರ ಪಾಲಿಗೆ ಏನೂ ಉಳಿಯಲಿಲ್ಲವಲ್ಲ ಎಂದು ನನಗೆ ನೋವಾಗುತ್ತದೆ.

ದಾನ ಉಳ್ಳವರ ಕೆಲಸ ಎನ್ನುವವರಿದ್ದಾರೆ. ಆದರೆ ಹರ್ಮಸನಿದ್ದ ಶತಮಾನದಲ್ಲೇ ಅಥೆನ್ಸ್‌ನ ದಾರ್ಶನಿಕ ಅರಿಸ್ತೀದೆಸ್, ಕ್ರೈಸ್ತರ ಪರವಾಗಿ ರೋಮನ್ ಚಕ್ರವರ್ತಿಗೆ ಮನವಿ ಬರೆದ. ತಮ್ಮೊಳಗೆ ಒಬ್ಬರಿಗೆ ಕಷ್ಟವಿದ್ದು, ಕೊಡಲು ಕೈಯಲ್ಲಿ ಹೆಚ್ಚಿನದೇನೂ ಇಲ್ಲದಿದ್ದರೆ, ಇವರು ಎರಡು ಮೂರು ದಿನ ತಾವೇ ಉಪವಾಸವಿದ್ದು ಆ ಆಹಾರವನ್ನು ಅವರಿಗೆ ಮುಟ್ಟಿಸುತ್ತಾರೆ ಎಂದು ಅದರಲ್ಲಿ ಹೇಳಿದ್ದಾನೆ. ಪಡೆಯುವವರೂ ಬಡವರು, ಕೊಡುವವರೂ ಬಡವರೇ. ಮುಂದೆ, 440ರಿಂದ 461ರವರೆಗೆ ಪೋಪ್ ಆಗಿದ್ದ ಮಹಾ ಲಿಯೋ ಕೂಡ ಉಪವಾಸಿಗರು ಬಿಟ್ಟದ್ದು ಬಡವರ ಊಟವಾಗಬೇಕೆಂದು ತಮ್ಮ ಪ್ರವಚನಗಳಲ್ಲಿ ಬೋಧಿಸಿದರು.

ಹರ್ಮಸನಿಗೆ ಆ ದೇವದೂತ ಇನ್ನೂ ಒಂದು ಹೇಳಿದ್ದ: ನೀನೊಬ್ಬನೇ ಅಲ್ಲ, ನಿನ್ನ ಮಕ್ಕಳು, ಮನೆಮಂದಿಯೆಲ್ಲ ಇದನ್ನು ಪಾಲಿಸಬೇಕು. ಹಾಗಾದರೆ ಈ ಶುಕ್ರವಾರ ಲೆಕ್ಕವನ್ನು ಮಕ್ಕಳ ಕೈಗೇ ಕೊಡೋಣ. ಅಕ್ಕಿಗೆಷ್ಟು, ಬೇಳೆಗೆಷ್ಟು, ಎಣ್ಣೆಗೆಷ್ಟು, ಗ್ಯಾಸಿಗೆಷ್ಟು ಎಂದು ಕೇಳಿ ತಿಳಿದು ಅವರೇ ಕೂಡಲಿ. ಬಂದ ಮೊತ್ತವನ್ನು ಕವರಿಗೆ ಹಾಕಿ, ಮೇಲೆ ಹೆಸರು ಬರೆಯದೆ, ಚರ್ಚಿನ ದಾನಪೆಟ್ಟಿಗೆಗೋ ಕೆಲಸ ಕಳೆದುಕೊಂಡು ಕೂತ ಪಕ್ಕದ ಮನೆಗೋ ಅಂದೇ ಸಂಜೆಯೊಳಗೆ ತಲುಪಿಸಿ ಬರಲಿ.