ತಲೆಯಾಡಿಸಿದ ಮಗು
(ತಾಳವಾಡಿ ಬೆಟ್ಟದ ಎಸ್ಟೇಟ್ ಕುಟುಂಬಗಳ ಕೂಟದಲ್ಲಿ ಆಡಿದ ಮಾತು)



ಕೆಲಸ ಮುಗಿಸಿ, ಒಲೆ ಹಚ್ಚುವ ಹೊತ್ತಿನಲ್ಲಿ ಬಂದು ಕುಳಿತಿದ್ದೀರಿ. ಹೆಚ್ಚು ಹೊತ್ತು ಹಿಡಿದಿಡುವುದಿಲ್ಲ. ನಾನು ಎಸ್.ಎಸ್.ಎಲ್.ಸಿ. ಓದಿದವನು, ಪಂಡಿತನಲ್ಲ. ಕೊರೋನಾ ಕಾಲದಲ್ಲಿ ನಮ್ಮ ಲೈನಿನ ಒಬ್ಬ ಹುಡುಗಿಯಿಂದ ನಾನು ಕಲಿತ ಪಾಠವನ್ನು, ನನ್ನ ತಪ್ಪನ್ನೂ ಸೇರಿಸಿ, ಹೇಳುತ್ತೇನೆ.

2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ತಮಿಳುನಾಡಿನಲ್ಲಿ ಒಂದರಿಂದ ಎಂಟನೇ ತರಗತಿಯ ಮಕ್ಕಳಿಗೆ ಶಾಲೆ ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಒಂದೂವರೆ ವರ್ಷ ಮೀರಿತು. ಸರ್ಕಾರ ಕಲ್ವಿ ಟಿ.ವಿ.ಯಲ್ಲಿ ಪಾಠ ಹಾಕಿತು. ನಮ್ಮ ಮಕ್ಕಳೋ ಕನ್ನಡ ಮಾಧ್ಯಮದವರು. ನಮ್ಮ ಲೈನಿನಲ್ಲಿ ಅವರು ನೋಡಿದ್ದು ತಮಿಳು ಪಾಠ. ಚಿತ್ರ ನೋಡಿ ನಕ್ಕರು, ಅಕ್ಷರ ಮಾತ್ರ ಹತ್ತಲಿಲ್ಲ.

ಈ ಹುಡುಗಿ ಆಗ ಟೀಚರ್ ಟ್ರೈನಿಂಗ್ ಓದುತ್ತಿದ್ದಳು. ಗಡಿ ದಾಟಿ ಬರಲಾಗದೆ ಚಾಮರಾಜನಗರದ ಚಿಕ್ಕಮ್ಮನ ಮನೆಯಲ್ಲಿ ಉಳಿದಿದ್ದಳು. ಪಾಠ ಮಾಡಿ ಅಭ್ಯಾಸ ಮಾಡಲು ಶಾಲೆಯಿಲ್ಲ. ನಮ್ಮ ಒಂದು, ಎರಡನೇ ತರಗತಿಯ ಒಂಬತ್ತು ಮಕ್ಕಳಿಗೆ ಫೋನಿನಲ್ಲೇ ಪಾಠ ಹೇಳುತ್ತೇನೆಂದು ಹೊರಟಳು.

ಮೊದಲ ದಿನ ನಲವತ್ತು ನಿಮಿಷದ ಪಾಠ ಬರೆದಿಟ್ಟುಕೊಂಡಿದ್ದಳಂತೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಬಂಡೆಯ ಮೇಲೆ. ಮುಖ ಕಾಣುವ ಪಾಠ ನಿಂತೇ ಹೋಯಿತು, ಬರೀ ಮಾತು ಉಳಿಯಿತು. ಐದು ನಿಮಿಷಕ್ಕೆ ಒಬ್ಬ ಆಡಿನ ಹಿಂದೆ ಓಡಿದ. "ಅರ್ಥವಾಯಿತಾ ಮಗೂ?" ಎಂದು ಒಂದು ಹೆಣ್ಣುಮಗುವನ್ನು ಕೇಳಿದಳು. ಉತ್ತರವಿಲ್ಲ. ಎರಡು ಸಲ, ಮೂರು ಸಲ ಕೇಳಿದಳು. ಕೊನೆಗೆ ಅಜ್ಜಿ ಫೋನು ಕಿತ್ತುಕೊಂಡು, "ಆಗ್ಲಿಂದ ತಲೆ ಆಡುಸ್ತಾವ್ಳೆ ಕನವ್ವ, ನಿನ್ಗ ಕಾಣಲ್ವಾ?" ಎಂದಳು.

ಇನ್ನೊಂದು ಮಗು ಎಲ್ಲದಕ್ಕೂ ಸರಿಯಾದ ಉತ್ತರ ಹೇಳುತ್ತಿತ್ತು. ಎರಡು ವಾರದ ಮೇಲೆ ತಿಳಿಯಿತು, ಪಕ್ಕದಲ್ಲಿ ಅಕ್ಕ ಪಿಸುಗುಟ್ಟುತ್ತಿದ್ದಳು. ಆ ರಾತ್ರಿ ಹುಡುಗಿ ಅತ್ತಳಂತೆ. "ಮಾವ, ಮಗುವಿನ ಕೈ ಕಾಣದೆ ಅಕ್ಷರ ಹೇಗೆ ತಿದ್ದಿಸಲಿ?" ಎಂದು ನನ್ನನ್ನೇ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಅವಳೇ ಹುಡುಕಿದಳು. ಒಂಬತ್ತು ಮಕ್ಕಳನ್ನು ಕೂಡಿಸುವುದು ಬಿಟ್ಟಳು. ತಾಯಿ ಕೆಲಸದಿಂದ ಬಂದ ಮೇಲೆ ಒಬ್ಬೊಬ್ಬರಿಗೆ ಹತ್ತೇ ನಿಮಿಷ. ಲೆಕ್ಕಕ್ಕೆ ಹುಣಸೆ ಬೀಜ. ಬರವಣಿಗೆಗೆ ತಟ್ಟೆಯಲ್ಲಿ ಹರಡಿದ ರಾಗಿ ಹಿಟ್ಟು, ಅದರ ಮೇಲೆ ಬೆರಳು. ಮಗು ಬರೆದದ್ದನ್ನು ತಾಯಿ ನೋಡಿ ಹೇಳಬೇಕು: ತಲೆಕಟ್ಟು ಇದೆಯಾ, ಕೊಂಬು ಯಾವ ಕಡೆ ತಿರುಗಿದೆ? ಓದು ಬಾರದ ತಾಯಿಯೂ ಇಷ್ಟು ಹೇಳಬಲ್ಲಳು. ಹೀಗೆ ಹೇಳುತ್ತ ಹೇಳುತ್ತ ಒಬ್ಬ ತಾಯಿ ತಾನೇ ಹೆಸರು ಬರೆಯಲು ಕಲಿತಳು. ಸಂಬಳದ ದಿನ ಆಕೆ ಈಗ ಹೆಬ್ಬೆಟ್ಟು ಒತ್ತುವುದಿಲ್ಲ.

ಇನ್ನು ನನ್ನ ತಪ್ಪು. ಆ ಒಂಬತ್ತರಲ್ಲಿ ಒಬ್ಬ ನನ್ನ ಮಗ. ಮನೆಗೆ ಇದ್ದದ್ದು ಒಂದೇ ಫೋನು, ಅದು ನನ್ನ ಜೇಬಿನಲ್ಲಿ. ಅವಳು ಫೋನು ಮಾಡಿದಾಗಲೆಲ್ಲ, "ಸಂಘದ ಕೆಲಸದಲ್ಲಿದ್ದೇನಮ್ಮ, ಆಮೇಲೆ ಮಾಡು" ಎನ್ನುತ್ತಿದ್ದೆ. ಕಾರ್ಮಿಕರ ಮಕ್ಕಳ ವಿದ್ಯೆಯ ಹಕ್ಕಿನ ಬಗ್ಗೆ ಮಾತಾಡುತ್ತಿದ್ದವನು ನಾನೇ. ಶಾಲೆ ತೆರೆದಾಗ ಉಳಿದ ಮಕ್ಕಳು ಕೂಡಿಸಿ ಓದಿದರು. ನನ್ನ ಮಗನಿಗೆ ತನ್ನ ಹೆಸರು ಓದಲು ಬರಲಿಲ್ಲ. ಅವನು ಪುಸ್ತಕ ನೋಡಲಿಲ್ಲ, ನನ್ನ ಮುಖ ನೋಡಿದ. ಆ ನೋಟವನ್ನು ನಾನು ಮರೆತಿಲ್ಲ.

ಇದು ನಮ್ಮೊಬ್ಬರ ಕಥೆಯಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕ ಸೇರಿ ಐದು ರಾಜ್ಯಗಳಲ್ಲಿ ಎರಡರಿಂದ ಆರನೇ ತರಗತಿಯ 16,067 ಮಕ್ಕಳನ್ನು ಪರೀಕ್ಷಿಸಿ 2021ರಲ್ಲಿ ವರದಿ ಕೊಟ್ಟರು. ನೂರರಲ್ಲಿ 92 ಮಕ್ಕಳು ಭಾಷೆಯಲ್ಲಿ ಮೊದಲು ಕಲಿತಿದ್ದ ಒಂದಾದರೂ ಸಾಮರ್ಥ್ಯ ಕಳೆದುಕೊಂಡಿದ್ದರು, 82 ಮಕ್ಕಳು ಲೆಕ್ಕದಲ್ಲಿ. 2021ರ ಅಕ್ಟೋಬರ್‌ನಲ್ಲಿ ತಮಿಳುನಾಡು ಸರ್ಕಾರ 'ಇಲ್ಲಂ ತೇಡಿ ಕಲ್ವಿ', ಅಂದರೆ ಮನೆ ಹುಡುಕಿ ಬರುವ ವಿದ್ಯೆ, ಎಂಬ ಯೋಜನೆ ಆರಂಭಿಸಿ ಸಂಜೆ ಪಾಠಕ್ಕೆ ಸ್ವಯಂಸೇವಕರನ್ನು ಇಟ್ಟದ್ದು ಈ ನಷ್ಟ ತುಂಬಲಿಕ್ಕೇ.

ಅಂದಿನಿಂದ ವಾರಕ್ಕೆ ಮೂರು ಸಂಜೆ ಸಂಘದ ಸುದ್ದಿಯನ್ನು ಬಾಯಿಮಾತಿನಲ್ಲಿ ಕಳಿಸಿ ಮಗನ ಪಕ್ಕ ಕುಳಿತೆ. ಅವನು ಓದಲು ಕಲಿತ. ಆದರೂ ಇಂದಿಗೂ ಒತ್ತಕ್ಷರ ಬಂದರೆ ತಡವರಿಸುತ್ತಾನೆ. ಹೋದ ಕಾಲ ಪೂರ್ತಿ ತಿರುಗಿ ಬರುವುದಿಲ್ಲ.

ಕೊರೋನಾ ಹೋಯಿತು, ಇನ್ನೇನು ಎನ್ನಬೇಡಿ. ಆನೆ ದಾರಿಗೆ ಬಂದ ದಿನ ಮಗು ಮನೆಯಲ್ಲಿ ಉಳಿಯುತ್ತದೆ. ನಾವು ಕೆಲಸ ಹುಡುಕಿ ಬೇರೆ ಊರಿಗೆ ಹೋದಾಗ ಅದರ ಪಾಠ ತಪ್ಪುತ್ತದೆ. ಅಂಥ ಸಂಜೆ ಹತ್ತು ನಿಮಿಷ ಮಗುವಿನ ಬೆರಳು ನೋಡಿ. ದಿನಗೂಲಿ ಹೋದರೆ ಕೇಳಿ ಪಡೆಯಲು ಸಂಘವಿದೆ. ಮಗುವಿನ ಹತ್ತು ನಿಮಿಷ ಹೋದರೆ ನಾವು ಯಾರನ್ನು ಕೇಳೋಣ?

ಆ ಹುಡುಗಿ ಈಗ ಟೀಚರ್ ಆಗಿದ್ದಾಳೆ. ಮಕ್ಕಳ ಎದುರಿಗೆ ನಿಂತಾಗಲೂ, "ತಲೆಯಾಡಿಸಿದರೆ ಸಾಲದು, ಬರೆದು ತೋರಿಸು" ಎನ್ನುತ್ತಾಳಂತೆ. ನಮಗೂ ಅದೇ ಮಾತು ಅನ್ವಯಿಸುತ್ತದೆ. ಇಲ್ಲಿ ಕುಳಿತು ತಲೆಯಾಡಿಸಿದರೆ ಸಾಲದು. ಈ ರಾತ್ರಿಯೇ ಮನೆಗೆ ಹೋಗಿ ಒಂದು ತಟ್ಟೆಯಲ್ಲಿ ಹಿಟ್ಟು ಹರಡಿ.