ಮಹಾಮಾರಿಯ ಕಾಲದಲ್ಲಿ ಶಸ್ತ್ರವೈದ್ಯ ಶಿಕ್ಷಣ
(ಶತಮಾನೋತ್ಸವದ ಹಳೆವಿದ್ಯಾರ್ಥಿಗಳ ಸಭೆಯಲ್ಲಿ ಓದಿದ ಉಪನ್ಯಾಸ)



ಈ ಶಾಲೆಯಲ್ಲಿ ಓದಿ ಮುಂದೆ ಶಸ್ತ್ರವೈದ್ಯರಾದ ಮೂವರು ಕೂಡಿ ಸಿದ್ಧಪಡಿಸಿದ ಮಾತುಗಳಿವು. ಓದುವವರು ಒಬ್ಬರಾದರೂ ಅಭಿಪ್ರಾಯ ಮೂವರದಾದ್ದರಿಂದ 'ನಾವು' ಎಂದೇ ಹೇಳುತ್ತೇವೆ. ಆರೋಗ್ಯದ ಕುರಿತು ಮಾತನಾಡಿ ಎಂದು ಸಮಿತಿಯವರು ಕೇಳಿದಾಗ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯ ಹೇಳಿ ಮುಗಿಸುವುದು ಸುಲಭವಿತ್ತು. ಆದರೆ ಕೊರೊನಾ ಕಾಲದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗಳಿಗೆ ಏನಾಯಿತು, ಅಲ್ಲಿ ಕಲಿಯಬೇಕಾಗಿದ್ದವರಿಗೆ ಏನಾಯಿತು ಎಂಬುದನ್ನು ಹೇಳಿಕೊಳ್ಳಲು ಇದಕ್ಕಿಂತ ತಕ್ಕ ಸಭೆ ನಮಗೆ ತೋರಲಿಲ್ಲ. ಆ ನಷ್ಟದ ಒಂದು ಪಾಲು ಈ ಊರಿನದೇ.

2020ರ ಮಾರ್ಚ್ 20ರಂದು ಕೇಂದ್ರ ಆರೋಗ್ಯ ಸಚಿವಾಲಯವು ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವಂತೆ ಆಸ್ಪತ್ರೆಗಳಿಗೆ ಸೂಚಿಸಿತು. ಹಾಸಿಗೆ, ಆಮ್ಲಜನಕ, ವೆಂಟಿಲೇಟರು, ಅರಿವಳಿಕೆ ತಜ್ಞರು ಎಲ್ಲವೂ ಶ್ವಾಸಕೋಶದ ರೋಗಿಗಳಿಗೆ ಬೇಕಾಗಿದ್ದವು. ಇದು ಬರೀ ಅಂಜಿಕೆಯಾಗಿರಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 24 ದೇಶಗಳ 1,128 ರೋಗಿಗಳ ಅಧ್ಯಯನ ಪ್ರಕಟವಾಯಿತು. ಶಸ್ತ್ರಚಿಕಿತ್ಸೆಯ ಆಸುಪಾಸಿನಲ್ಲಿ ಸೋಂಕು ತಗುಲಿದ್ದ ಅವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು 30 ದಿನಗಳೊಳಗೆ ತೀರಿಕೊಂಡಿದ್ದರು. ಹೊಲಿಗೆ ಸರಿಯಾಗಿದ್ದರೂ ರೋಗಿ ಉಳಿಯದಿದ್ದರೆ ಕತ್ತಿ ಹಿಡಿಯುವುದು ಯಾವ ಧರ್ಮ? ನಿಲ್ಲಿಸಿದ್ದು ಸರಿ ಎಂದು ನಾವು ಈಗಲೂ ನಂಬುತ್ತೇವೆ.

ಆದರೆ 'ತುರ್ತಲ್ಲದ' ಎಂಬ ಮಾತು ಬಲು ಜಾರುವಂಥದು. ಇಂದು ಕೈಯಿಂದ ಒತ್ತಿದರೆ ಒಳಸೇರುವ ಹರ್ನಿಯಾ ಮುಂದಿನ ತಿಂಗಳು ಸಿಕ್ಕಿಹಾಕಿಕೊಂಡು ಕರುಳನ್ನು ಕಪ್ಪಾಗಿಸಬಹುದು. ನಮ್ಮ ಸಹಪಾಠಿಯೊಬ್ಬರ ತಂದೆಗೆ ಪಿತ್ತಕೋಶದಲ್ಲಿ ಕಲ್ಲಿತ್ತು. ಏಪ್ರಿಲ್ ಮೊದಲ ವಾರಕ್ಕೆ ಮಂಗಳೂರಿನಲ್ಲಿ ದಿನ ಗೊತ್ತಾಗಿತ್ತು. "ಕಾಯಬಹುದು, ಹೆದರಬೇಡಿ" ಎಂದು ಫೋನಿನಲ್ಲಿ ಹೇಳಿದವರು ನಾವೇ. ಜೂನಿನಲ್ಲಿ ಅವರು ಬಂದಾಗ ಪಿತ್ತಕೋಶದಲ್ಲಿ ಕೀವು ತುಂಬಿತ್ತು. ಸಣ್ಣ ರಂಧ್ರಗಳಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಹೊಟ್ಟೆಯನ್ನೇ ತೆರೆಯಬೇಕಾಯಿತು. ಅವರು ಬದುಕಿ ಬಂದರು. ಈ ಸಭೆಯಲ್ಲಿಯೂ ಇದ್ದಾರೆ. ಆದರೂ ಆ ಫೋನಿನ ಮಾತು ನಮ್ಮನ್ನು ಬಿಟ್ಟಿಲ್ಲ.

ಕಾಸರಗೋಡಿನ ಈ ಭಾಗದವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಆ ಮಾರ್ಚ್ ಕೊನೆಯಲ್ಲಿ ತಲಪಾಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು, ಆಂಬುಲೆನ್ಸುಗಳು ಹಿಂದಿರುಗಿದವು. ನಮ್ಮಲ್ಲಿ ಇಬ್ಬರು ಆಚೆ, ಒಬ್ಬರು ಈಚೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ತೆರವು ಮಾಡಿಸಲು ಕೇಂದ್ರಕ್ಕೆ ಆದೇಶಿಸಿತು; ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಹೋಯಿತು. ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡ ಏಪ್ರಿಲ್ 6ರಂದು ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಆ ದಿನಗಳಲ್ಲಿ ದಾರಿ ಸಿಗದೆ ಪ್ರಾಣಬಿಟ್ಟವರ ಮನೆಗಳು ಈ ಜಿಲ್ಲೆಯಲ್ಲಿವೆ. ಅದರ ರಾಜಕೀಯ ನಮಗೆ ಬೇಡ.

ಈಗ ಕಲಿಯುವವರ ಮಾತು. ಶಸ್ತ್ರವೈದ್ಯದ ಸ್ನಾತಕೋತ್ತರ ಶಿಕ್ಷಣ ಮೂರು ವರ್ಷದ್ದು. ಮೊದಲು ಅಂಗಾಂಶವನ್ನು ಸರಿಸಿ ಹಿಡಿದು ನಿಲ್ಲುವುದು, ಆಮೇಲೆ ಚರ್ಮದ ಹೊಲಿಗೆ, ಆಮೇಲೆ ಗುರುವಿನ ಕಣ್ಣೆದುರು ಹರ್ನಿಯಾ, ಕೊನೆಗೆ ಪಿತ್ತಕೋಶ. ಮುಂದೂಡಲಾದದ್ದು ಸರಿಯಾಗಿ ಇವೇ. ಸೋಂಕಿನ ಭಯದಿಂದ ಕೊಠಡಿಯೊಳಗೆ ಆದಷ್ಟು ಕಡಿಮೆ ಜನ ಇರಬೇಕೆಂಬ ನಿಯಮ ಬಂತು. ತುರ್ತು ಪ್ರಕರಣಗಳನ್ನು ಅನುಭವಿಗಳೇ ಬೇಗ ಮುಗಿಸುತ್ತಿದ್ದರು. ಶಿಷ್ಯ ಬಾಗಿಲಿನ ಹೊರಗೆ. ಅಲ್ಲಿಂದ ಅವನನ್ನು ಕೋವಿಡ್ ವಾರ್ಡಿಗೆ ಕಳುಹಿಸಲಾಗುತ್ತಿತ್ತು. "ಹರ್ನಿಯಾ ಮಾಡಿದ್ದಕ್ಕಿಂತ ಗಂಟಲಿನ ಸ್ವ್ಯಾಬ್ ತೆಗೆದದ್ದೇ ಹೆಚ್ಚು ಸರ್" ಎಂದು ನಮ್ಮ ವಿದ್ಯಾರ್ಥಿನಿಯೊಬ್ಬಳು ತನ್ನ ಲಾಗ್ ಬುಕ್ಕನ್ನು ಮೇಜಿನ ಮೇಲಿಟ್ಟಳು. ಪುಟಗಳು ಖಾಲಿಯಿದ್ದವು. ಪರೀಕ್ಷೆ ಮಾತ್ರ ಬರಲಿತ್ತು.

ಅದು ಸಾಲದೆಂಬಂತೆ 2021ರ ಜನವರಿಯಲ್ಲಿ ನಡೆಯಬೇಕಿದ್ದ ನೀಟ್ ಪಿಜಿ ಪರೀಕ್ಷೆ ಸೆಪ್ಟೆಂಬರ್ 11ಕ್ಕೆ ಹೋಯಿತು. ಸೀಟು ಹಂಚಿಕೆ 2022ರ ಜನವರಿಗೆ. ಒಂದು ಇಡೀ ತಂಡ ವಾರ್ಡಿಗೆ ಬರಲೇ ಇಲ್ಲ. ಅವರ ಕೆಲಸವೂ ಇದ್ದವರ ಹೆಗಲಿಗೆ ಬಿತ್ತು. ಅಷ್ಟು ದಣಿದವರಿಗೆ ಏನನ್ನು ಕಲಿಸುವುದು?

ಆ ಕಾಲ ಏನನ್ನೂ ಕಲಿಸಲಿಲ್ಲವೆಂದಲ್ಲ. 2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರದ ರೋಗ ಬಂದಾಗ ಕಿವಿ ಮೂಗು ಗಂಟಲಿನ ವಿಭಾಗದ ಕಿರಿಯರು ವಾರಗಟ್ಟಲೆ ಕೊಳೆತ ಅಂಗಾಂಶ ತೆಗೆಯುವುದನ್ನು ಹತ್ತಿರದಿಂದ ಕಂಡರು, ಕೈ ಜೋಡಿಸಿದರು. ಹಿಂದಿನ ತಲೆಮಾರು ಅಪರೂಪಕ್ಕೆ ಕಂಡ ರೋಗವದು. ಆದರೆ ಒಬ್ಬರ ಕಣ್ಣುಗುಡ್ಡೆಯನ್ನೇ ತೆಗೆಯಬೇಕಾದ ದಿನ ಕಲಿತದ್ದನ್ನು ಲಾಭವೆಂದು ಬರೆದುಕೊಳ್ಳಲು ನಮಗೆ ಮನಸ್ಸಾಗದು.

ನಾವು ಮಾಡಿದ್ದೇನು? ಜೂಮ್‌ನಲ್ಲಿ ಪಾಠ ಹೇಳಿದೆವು. ಅಂಗರಚನೆಯನ್ನು ಪರದೆ ತೋರಿಸಬಲ್ಲದು, ಎಳೆ ಎಷ್ಟು ಬಿಗಿಯಾದರೆ ಚರ್ಮ ಹರಿಯುತ್ತದೆಂಬುದನ್ನು ತೋರಿಸಲಾರದು. ಆಗ ರಟ್ಟಿನ ಪೆಟ್ಟಿಗೆಯೊಳಗೆ ಮೊಬೈಲ್ ಕ್ಯಾಮೆರಾ ಇಟ್ಟು, ಕಿತ್ತಳೆಯ ಸಿಪ್ಪೆ ಸುಲಿಯಲು, ಬಾಳೆಹಣ್ಣಿನ ಸಿಪ್ಪೆಗೆ ಹೊಲಿಗೆ ಹಾಕಲು, ಕುರ್ಚಿಯ ಕಾಲಿಗೆ ದಾರ ಸುತ್ತಿ ಒಂದೇ ಕೈಯಲ್ಲಿ ಗಂಟು ಹಾಕಲು ಹೇಳಿದೆವು. ಹಾಗೆ ಹೇಳುವಾಗ ನಮಗೆ ನೆನಪಾದದ್ದು ಯಾವ ವೈದ್ಯಗ್ರಂಥವೂ ಅಲ್ಲ, ಈ ಶಾಲೆಯ ಕ್ರಾಫ್ಟ್ ಪೀರಿಯಡ್. ತಕಲಿಯಲ್ಲಿ ನೂಲು ತೆಗೆಯುವಾಗ ಎಳೆ ಕಡಿದರೆ ಮೇಷ್ಟ್ರು ಬಯ್ಯುತ್ತಿರಲಿಲ್ಲ. ಬೆರಳಿನ ಮೇಲೆ ಬೆರಳಿಟ್ಟು "ಇಷ್ಟು ಸಾಕು, ಇಷ್ಟೇ" ಎನ್ನುತ್ತಿದ್ದರು. ನಮ್ಮ ಶಿಷ್ಯರಿಗೆ ಆ ಎರಡು ವರ್ಷ ಸಿಗದೆಹೋದದ್ದು ಹಾಗೆ ಬೆರಳಿನ ಮೇಲೆ ಬೆರಳಿಡುವವರು.

ಆ ವಿದ್ಯಾರ್ಥಿನಿ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಆದರೂ ಕೂಡಲೇ ಸ್ವತಂತ್ರವಾಗಿ ಕೆಲಸಕ್ಕೆ ಹೋಗದೆ, ಹಿರಿಯರೊಬ್ಬರ ಕೈಕೆಳಗೆ ಇನ್ನೊಂದು ವರ್ಷ ಸಹಾಯಕಿಯಾಗಿ ನಿಂತಳು. ಮನೆಯವರಿಗೆ ಅದು ಹಿಡಿಸಲಿಲ್ಲ. ನಮಗೆ ಹಿಡಿಸಿತು. ವೈದ್ಯಕೀಯ ಓದುವ ಮಕ್ಕಳಿರುವ ಪೋಷಕರು ಅಂಥ ವರ್ಷವನ್ನು ವ್ಯರ್ಥವೆಂದು ಎಣಿಸಬಾರದೆಂದು ಬೇಡಿಕೊಳ್ಳುತ್ತೇವೆ.

ಶಾಲೆಗೂ ಒಂದು ಕೋರಿಕೆಯಿದೆ. ಕ್ರಾಫ್ಟ್ ಕೋಣೆ ಈಗ ಕಂಪ್ಯೂಟರ್ ಕೋಣೆಯಾಗಿದೆ, ಆಗಲಿ. ವಾರಕ್ಕೆ ಒಂದು ಪೀರಿಯಡ್ಡಾದರೂ ಮಕ್ಕಳ ಕೈಗೆ ಸೂಜಿ ದಾರ ಕೊಡಿ. ಅದರ ವರ್ಷದ ಖರ್ಚನ್ನು ನಾವು ಮೂವರು ಹೊರುತ್ತೇವೆ. ಮುಖ್ಯೋಪಾಧ್ಯಾಯರು ಲೆಕ್ಕ ತಿಳಿಸಿದರೆ ಜೂನ್ ತಿಂಗಳಿಗೇ ಆರಂಭಿಸಬಹುದು.